ಚಿನ್ನ ತೂಗುವ ಮುಂಚೆ ಆಳ ಕೇಳಿ

ಬಾಕ್ಸಿಂಗ್‌ನಲ್ಲಿ ಎಲ್ಲ ಕಾಲಕ್ಕೂ ದೊಡ್ಡವರು ಯಾರು? ಈ ಪ್ರಶ್ನೆಗೆ ನಮ್ಮ ಕೆಜಿಎಫ್‌ನಲ್ಲಿ ಉತ್ತರಗಳಿಗೆ ಬರ ಇಲ್ಲ. ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೋಗೋ ಬೆಳಗಿನ ರೈಲಿನಲ್ಲಿ ಕೇಳಿದರೆ ಮೊಹಮ್ಮದ್ ಅಲಿ. ಹಾಸ್ಟೆಲ್‌ನಲ್ಲಿ ಕೇಳಿದರೆ ಮೈಕ್ ಟೈಸನ್, ಯಾಕಂದ್ರೆ ಮೂವತ್ತು ಸೆಕೆಂಡಿನ ರೀಲ್‌ಗೆ ಅವನಷ್ಟು ಒಳ್ಳೆ ಸರಕು ಬೇರೆ ಇಲ್ಲ. ಅಂಕಿ ನಂಬುವ ಗೆಳೆಯರು ಫ್ಲಾಯ್ಡ್ ಮೇವೆದರ್ ಅಂತಾರೆ: 50 ಪಂದ್ಯ, 50 ಗೆಲುವು, ಮಾತು ಮುಗೀತು. 2025ರ ಸೆಪ್ಟೆಂಬರ್‌ನಲ್ಲಿ ಟೆರೆನ್ಸ್ ಕ್ರಾಫರ್ಡ್ ಎರಡು ತೂಕ ಮೇಲೆ ಹತ್ತಿ ಹೋಗಿ ಕನೆಲೊ ಆಲ್ವರೆಜ್‌ನನ್ನು ಸೋಲಿಸಿದ ಮೇಲೆ ಅವನಿಗೂ ಒಂದು ಬಣ ಹುಟ್ಟಿದೆ. 2021ರಲ್ಲಿ ಪಾ. ರಂಜಿತ್ ಅವರ 'ಸಾರ್ಪಟ್ಟ ಪರಂಬರೈ' ಬಂದ ಮೇಲೆ ಡ್ಯಾನ್ಸಿಂಗ್ ರೋಸ್ ಮುಂದೆ ಇವರೆಲ್ಲ ಲೆಕ್ಕಕ್ಕಿಲ್ಲ ಅನ್ನೋರೂ ನಮ್ಮಲ್ಲಿ ಇದ್ದಾರೆ!

ಇನ್ನು ಲೈನ್ ಮನೆಗಳ ಮುಂದೆ ಕೂತ ತಾತಂದಿರನ್ನು ಕೇಳಿದರೆ ಉತ್ತರವೇ ಬೇರೆ. "ನೀವು ನೋಡ್ತಿರೋದು ಬಾಕ್ಸಿಂಗೇ ಅಲ್ಲ ಕಣಪ್ಪ" ಅಂತ ಶುರು ಮಾಡಿ, ಮೈನ್ಸ್ ಇದ್ದ ಕಾಲದಲ್ಲಿ ಇಲ್ಲೇ ಕೈಗೆ ಗ್ಲೌಸ್ ಕಟ್ಟಿದವರ ಹೆಸರು ಹೇಳ್ತಾರೆ. ಆ ಹೆಸರುಗಳನ್ನು ಗೂಗಲ್‌ನಲ್ಲಿ ಹಾಕಿದರೆ ಏನೂ ಬರಲ್ಲ. ಅಲ್ಲಿಗೆ ಹುಡುಗರು ನಕ್ಕು, "ಸತ್ತ ಎಮ್ಮೆಗೆ ಹತ್ತು ಸೇರು ಹಾಲು" ಅಂತ ಗಾದೆ ಹೇಳಿ ಎದ್ದು ಹೋಗ್ತಾರೆ.

ಈ ಜಗಳದಲ್ಲಿ ನಮ್ಮ ನಿಲುವು ಏನು ಅಂತ ಮೊದಲೇ ಹೇಳಿಬಿಡ್ತೀವಿ. ಬೇರೆ ಬೇರೆ ಕಾಲದ ಬಾಕ್ಸರ್‌ಗಳನ್ನು ಹೋಲಿಸಬಹುದು, ಹೋಲಿಸಲೂ ಬೇಕು. ಆದರೆ "ಇವನೂ ಅವನೂ ಹೊಡೆದಾಡಿದ್ರೆ ಯಾರು ಗೆಲ್ತಾರೆ" ಅನ್ನೋದು ತಪ್ಪು ಪ್ರಶ್ನೆ. "ಯಾರ ಹತ್ತಿರ ಎಷ್ಟು ಗೆಲುವು, ಎಷ್ಟು ಬೆಲ್ಟ್" ಅನ್ನೋದು ಅರ್ಧ ಪ್ರಶ್ನೆ. ತನ್ನ ಕಾಲ ಕೊಟ್ಟ ಸಾಮಾನಿನಲ್ಲಿ, ತನ್ನ ಕಾಲ ಒಡ್ಡಿದ ಅಡ್ಡಿಗಳ ಎದುರು, ಒಬ್ಬ ಬಾಕ್ಸರ್ ಎಷ್ಟು ದೂರ ಹೋದ? ಕೇಳಬೇಕಾದ್ದು ಇದು. ಇದನ್ನು ಸರಿಯಾಗಿ ಕೇಳಿದರೆ ಅಲಿ, ಟೈಸನ್ ಮಾತ್ರ ಅಲ್ಲ, ನಮ್ಮ ಊರಿನ ಬಗ್ಗೆಯೂ ನಾವು ಬೇರೆ ತರಹ ಮಾತಾಡಬೇಕಾಗುತ್ತೆ.

ಕಂಪ್ಯೂಟರ್ ಕೊಟ್ಟ ತೀರ್ಪು

"ಹೊಡೆದಾಡಿದ್ರೆ ಯಾರು ಗೆಲ್ತಾರೆ" ಅನ್ನೋದನ್ನ ಲೆಕ್ಕ ಹಾಕಿ ಹೇಳ್ತೀವಿ ಅಂತ ಹೊರಟವರು ನಿಜವಾಗಿಯೂ ಇದ್ದರು. ಎಂಜಿನಿಯರಿಂಗ್ ಓದೋ ನಮಗೆ ಈ ಕತೆ ಗೊತ್ತಿರಬೇಕು. 1967ರಲ್ಲಿ ಅಮೆರಿಕದ ಮರ್ರಿ ವೊರೋನರ್ ಎಂಬ ರೇಡಿಯೊ ನಿರ್ಮಾಪಕ ಹಳೆಯ ಮತ್ತು ಹೊಸ ಹೆವಿವೇಟ್ ಬಾಕ್ಸರ್‌ಗಳ ಮಾಹಿತಿಯನ್ನು ಎನ್‌ಸಿಆರ್ 315 ಕಂಪ್ಯೂಟರಿಗೆ ಹಾಕಿಸಿ, ಬರೀ ಲೆಕ್ಕದ ಮೇಲೆ ಒಂದು ಟೂರ್ನಮೆಂಟ್ ನಡೆಸಿದ. ಅದರ ಕಾಮೆಂಟರಿ ರೇಡಿಯೊದಲ್ಲಿ ಪ್ರಸಾರವಾಯ್ತು. ಆ ಟೂರ್ನಮೆಂಟಿನಲ್ಲಿ ಅಲಿ, ಇಪ್ಪತ್ತನೇ ಶತಮಾನದ ಹೊಸ್ತಿಲಲ್ಲಿ ಚಾಂಪಿಯನ್ ಆಗಿದ್ದ ಜಿಮ್ ಜೆಫ್ರೀಸ್‌ಗೆ ಸೋತ. ಅಲಿಗೆ ಸಿಟ್ಟು ಬಂದು ಹತ್ತು ಲಕ್ಷ ಡಾಲರ್ ಮಾನನಷ್ಟ ಕೇಸು ಹಾಕಿದ.

ಆ ಕೇಸು ರಾಜಿಯಾಗಿದ್ದು ಇನ್ನೂ ಮಜಾ. ಅಲಿ ಮತ್ತು ರಾಕಿ ಮಾರ್ಸಿಯಾನೊ ಇಬ್ಬರನ್ನೂ ರಿಂಗ್‌ಗೆ ಇಳಿಸಿ, 1969ರಲ್ಲಿ ಒಂದೊಂದು ನಿಮಿಷದ ಎಪ್ಪತ್ತಕ್ಕೂ ಹೆಚ್ಚು ರೌಂಡ್‌ಗಳನ್ನು ನಾಟಕದ ಹಾಗೆ ಆಡಿಸಿ ಶೂಟ್ ಮಾಡಿದರು. ನಿವೃತ್ತಿಯಾಗಿ ಹದಿಮೂರು ವರ್ಷ ಕಳೆದಿದ್ದ ಮಾರ್ಸಿಯಾನೊ ಅದಕ್ಕಾಗಿ ತೂಕ ಇಳಿಸಿ, ತಲೆಗೆ ವಿಗ್ ಇಟ್ಟುಕೊಂಡು ಬಂದಿದ್ದ. ಕಂಪ್ಯೂಟರ್ ಹೇಳಿದ ಪ್ರಕಾರ ತುಣುಕುಗಳನ್ನು ಜೋಡಿಸಿ, 1970ರ ಜನವರಿಯಲ್ಲಿ ಥಿಯೇಟರುಗಳಲ್ಲಿ ತೋರಿಸಿದರು. 13ನೇ ರೌಂಡ್‌ನಲ್ಲಿ ಮಾರ್ಸಿಯಾನೊ ಅಲಿಯನ್ನು ನಾಕೌಟ್ ಮಾಡಿದ. ಅದನ್ನು ನೋಡಲು ಮಾರ್ಸಿಯಾನೊ ಬದುಕಿರಲಿಲ್ಲ, 1969ರ ಆಗಸ್ಟ್‌ನಲ್ಲೇ ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದ. ಯುರೋಪಿನಲ್ಲಿ ಅಲಿ ಗೆಲ್ಲುವ ಇನ್ನೊಂದು ಕೊನೆಯನ್ನೂ ತೋರಿಸಿದರು.

ಒಂದೇ ಪಂದ್ಯ, ಎರಡು ಫಲಿತಾಂಶ. ಕಂಪ್ಯೂಟರಿಗೆ ನಾವು ಏನು ತುಂಬುತ್ತೇವೋ ಅದನ್ನೇ ಅದು ತಿರುಗಿಸಿ ಕೊಡುತ್ತೆ ಅನ್ನೋದು ನಮಗೆ ಮೊದಲ ವರ್ಷದ ಲ್ಯಾಬ್‌ನಲ್ಲೇ ಗೊತ್ತಾಗುವ ಪಾಠ. ಅಲ್ಲಿ ತುಂಬಿದ್ದ ಮಾಹಿತಿಯಲ್ಲಿ ಬಹುಪಾಲು ಪರಿಣತರ ಅನಿಸಿಕೆ. ಅನಿಸಿಕೆಗೆ ಅಂಕ ಕೊಟ್ಟ ಮಾತ್ರಕ್ಕೆ ಅದು ಅಳತೆ ಆಗಲ್ಲ. ಇವತ್ತು ಅದೇ ಕೆಲಸವನ್ನು ವೀಡಿಯೊ ಗೇಮ್‌ನಲ್ಲೂ ಎಐ ಕೈಯಲ್ಲೂ ಮಾಡಿಸ್ತಿದ್ದೀವಿ. ಯಂತ್ರ ಬದಲಾಗಿದೆ, ತಪ್ಪು ಅದೇ ಇದೆ.

ಇನ್ನೊಂದು ಸಮಸ್ಯೆ ದೇಹದ್ದು. ಮಾರ್ಸಿಯಾನೊ ಚಾಂಪಿಯನ್ ಆಗಿದ್ದಾಗ ಅವನ ತೂಕ 85 ಕೆಜಿ ಆಸುಪಾಸು. ಈಗಿನ ಟೈಸನ್ ಫ್ಯೂರಿ 206 ಸೆಂ.ಮೀ. ಎತ್ತರ, ತೂಕ 115 ಕೆಜಿಗೂ ಮೇಲೆ. ಮಾರ್ಸಿಯಾನೊ ಇವತ್ತು ಬಂದರೆ ಹೆವಿವೇಟ್‌ಗೇ ಸೇರಲ್ಲ, 200 ಪೌಂಡಿನ ಒಳಗಿನ ಕ್ರೂಸರ್‌ವೇಟ್‌ನಲ್ಲಿ ನಿಲ್ಲಬೇಕು. ಇವರಿಬ್ಬರನ್ನೂ ಒಂದೇ ರಿಂಗ್‌ನಲ್ಲಿ ನಿಲ್ಲಿಸಿದರೆ ಗೊತ್ತಾಗೋದು ಯಾರು ದಪ್ಪ ಅಂತ ಮಾತ್ರ.

ಕಾಲಗಳು ನಿಜವಾಗಿ ಎದುರಾದಾಗ

"ಕಂಪ್ಯೂಟರ್ ಬಿಡಿ, ನಿಜವಾಗಿ ಆಡಿದ್ರೆ ಗೊತ್ತಾಗುತ್ತಲ್ಲ" ಅನ್ನಬಹುದು. ಹಾಗೆ ಆಡಿದ್ದೂ ಇದೆ. 2024ರ ನವೆಂಬರ್ 15ರಂದು 58 ವರ್ಷದ ಟೈಸನ್, 27 ವರ್ಷದ ಯೂಟ್ಯೂಬ್ ಹುಡುಗ ಜೇಕ್ ಪಾಲ್ ಎದುರು ಆಡಿ ಪಾಯಿಂಟ್ ಮೇಲೆ ಸೋತ. ನಮ್ಮ ಹಾಸ್ಟೆಲ್‌ನಲ್ಲಿ ಟೈಸನ್ ಬಣ ಎರಡು ದಿನ ಬಾಯಿ ಬಿಡಲಿಲ್ಲ. ಆದರೆ ಜೇಕ್ ಪಾಲ್ ಟೈಸನ್‌ಗಿಂತ ದೊಡ್ಡ ಬಾಕ್ಸರ್ ಅಂತ ಆ ಬಣದ ಶತ್ರುಗಳೂ ಹೇಳಲಿಲ್ಲ. ಅಂದ್ರೆ ಫಲಿತಾಂಶ ಬೇರೆ, ದೊಡ್ಡತನ ಬೇರೆ ಅನ್ನೋದು ನಮಗೆಲ್ಲ ಒಳಗೊಳಗೇ ಗೊತ್ತಿದೆ.

ನಮ್ಮ ದೇಶದಲ್ಲೇ ನೋಡಿ. 1980ರ ಜನವರಿಯಲ್ಲಿ ಅಲಿ ಭಾರತಕ್ಕೆ ಬಂದಿದ್ದ. ಮದ್ರಾಸಿನಲ್ಲಿ ಜಿಮ್ಮಿ ಎಲ್ಲಿಸ್ ಜೊತೆ ಪ್ರದರ್ಶನ ಪಂದ್ಯ ಆಡಿದ, ಆಗ ಮುಖ್ಯಮಂತ್ರಿ ಎಂಜಿಆರ್. ದೆಹಲಿಯಲ್ಲಿ ಅವನ ಎದುರು ನಾಲ್ಕು ರೌಂಡ್ ನಿಂತವರು ಪಂಜಾಬಿನ ಸೈನಿಕ ಕೌರ್ ಸಿಂಗ್. ಎರಡು ವರ್ಷದ ನಂತರ 1982ರ ದೆಹಲಿ ಏಷ್ಯನ್ ಗೇಮ್ಸ್‌ನಲ್ಲಿ ಇದೇ ಕೌರ್ ಸಿಂಗ್ ಹೆವಿವೇಟ್ ಚಿನ್ನ ಗೆದ್ದರು. ಅವತ್ತಿನ ನಾಲ್ಕು ರೌಂಡ್ ಅಲಿಯನ್ನೂ ಅಳೆಯಲಿಲ್ಲ, ಕೌರ್ ಸಿಂಗ್ ಅವರನ್ನೂ ಅಳೆಯಲಿಲ್ಲ. ಒಬ್ಬನದು ಮುಗಿಯುತ್ತಿದ್ದ ದಾರಿ, ಇನ್ನೊಬ್ಬರದು ಶುರುವಾಗುತ್ತಿದ್ದ ದಾರಿ.

ಇನ್ನೂ ಹತ್ತಿರದ ಉದಾಹರಣೆ ಮೇರಿ ಕೋಮ್ ಮತ್ತು ನಿಖತ್ ಝರೀನ್. 2019ರ ಡಿಸೆಂಬರ್‌ನಲ್ಲಿ ಟೋಕಿಯೊ ಒಲಿಂಪಿಕ್ ಅರ್ಹತಾ ಸುತ್ತಿಗೆ ಆಯ್ಕೆ ಮಾಡಲು ನಡೆದ ಟ್ರಯಲ್‌ನಲ್ಲಿ ಮೇರಿ 9-1ರಿಂದ ಗೆದ್ದರು. ಆ ಒಂದು ಪಂದ್ಯವೇ ತೂಕದ ಕಲ್ಲಾದರೆ ನಿಖತ್ ಅವರ ಹೆಸರು ಅಲ್ಲಿಗೇ ಮುಗಿಯಬೇಕಿತ್ತು. ನಿಖತ್ 2022ರಲ್ಲಿ ಒಮ್ಮೆ, 2023ರಲ್ಲಿ ಇನ್ನೊಮ್ಮೆ ವಿಶ್ವ ಚಾಂಪಿಯನ್ ಆದರು. ಒಂದು ರಾತ್ರಿಯ ಫಲಿತಾಂಶದಿಂದ ಇಡೀ ಕಾಲವನ್ನು ತೂಗೋಕೆ ಆಗಲ್ಲ.

ಅಂಕಿ ಸುಳ್ಳು ಹೇಳಲ್ಲ, ಆದರೆ ಪೂರ್ತಿ ಹೇಳಲ್ಲ

ಈಗ ಅಂಕಿ ಬಣದ ಕಡೆ ಬರೋಣ. ಮೇವೆದರ್ 50-0. ಮಾರ್ಸಿಯಾನೊ 49-0. ಶುಗರ್ ರೇ ರಾಬಿನ್ಸನ್ 173 ಗೆಲುವು, 19 ಸೋಲು. ಎಕ್ಸೆಲ್ ಶೀಟ್‌ನಲ್ಲಿ ಗೆಲುವಿನ ಶೇಕಡಾ ಹಾಕಿ ಸಾರ್ಟ್ ಮಾಡಿದರೆ ರಾಬಿನ್ಸನ್ ಮೂರನೆಯವನು. ಆದರೆ ರಾಬಿನ್ಸನ್ 1943ರಿಂದ 1951ರ ತನಕ ಸತತ 91 ಪಂದ್ಯ ಸೋಲಿಲ್ಲದೆ ಆಡಿದ್ದ. ಮೇವೆದರ್ ಇಡೀ ಬದುಕಿನಲ್ಲಿ ಆಡಿದ್ದಕ್ಕಿಂತ ಅದು 41 ಪಂದ್ಯ ಜಾಸ್ತಿ. ಆ 19 ಸೋಲಿನಲ್ಲಿ ಹೆಚ್ಚಿನವು ವಯಸ್ಸು ಮೀರಿದ ಮೇಲೆ, ದುಡ್ಡಿಗಾಗಿ 44 ವರ್ಷದ ತನಕ ಆಡಿದ್ದರಿಂದ ಬಂದವು. ಮೇವೆದರ್‌ನ ಐವತ್ತನೇ ಗೆಲುವು 2017ರಲ್ಲಿ ಬಂದಿದ್ದು ಕಾನರ್ ಮೆಗ್ರೆಗರ್ ಮೇಲೆ. ಮೆಗ್ರೆಗರ್‌ಗೆ ಅದು ಮೊದಲ ವೃತ್ತಿಪರ ಬಾಕ್ಸಿಂಗ್ ಪಂದ್ಯ.

ಬೆಲ್ಟ್ ಲೆಕ್ಕವೂ ಅಷ್ಟೆ. ಒಂದು ಕಾಲಕ್ಕೆ ಮುಖ್ಯವಾದ ತೂಕಗಳು ಎಂಟು, ಒಂದೊಂದು ತೂಕಕ್ಕೂ ಬಹುಮಟ್ಟಿಗೆ ಒಬ್ಬನೇ ವಿಶ್ವ ಚಾಂಪಿಯನ್. ಈಗ ಹದಿನೇಳು ತೂಕ, ಡಬ್ಲ್ಯುಬಿಎ, ಡಬ್ಲ್ಯುಬಿಸಿ, ಐಬಿಎಫ್, ಡಬ್ಲ್ಯುಬಿಒ ಅಂತ ನಾಲ್ಕು ದೊಡ್ಡ ಸಂಸ್ಥೆಗಳು. ನಾಲ್ಕು ಹದಿನೇಳ್ಲಿ ಅರವತ್ತೆಂಟು. ಎಂಟು ಕುರ್ಚಿ ಇದ್ದ ಜಾಗದಲ್ಲಿ 68 ಕುರ್ಚಿ ಹಾಕಿದ ಮೇಲೆ ಕೂತವರ ಸಂಖ್ಯೆ ಎಣಿಸಿ ಈ ಕಾಲ ದೊಡ್ಡದು ಅನ್ನೋದು ನ್ಯಾಯ ಅಲ್ಲ.

ನಿಯಮಗಳೂ ಬದಲಾಗಿವೆ. ವಿಶ್ವ ಚಾಂಪಿಯನ್ ಪಂದ್ಯ ಮೊದಲು 15 ರೌಂಡ್ ಇತ್ತು. 1982ರ ನವೆಂಬರ್‌ನಲ್ಲಿ ರೇ ಮಾನ್ಸಿನಿ ಎದುರು ಆಡಿದ ಕೊರಿಯಾದ ಡುಕ್ ಕೂ ಕಿಮ್ ಪೆಟ್ಟಿನಿಂದ ತೀರಿಕೊಂಡ ಮೇಲೆ ಡಬ್ಲ್ಯುಬಿಸಿ 12ಕ್ಕೆ ಇಳಿಸಿತು, ಉಳಿದವರು ಆ ದಶಕದಲ್ಲೇ ಹಿಂದೆ ಬಂದರು. ಪಂದ್ಯದ ದಿನ ಬೆಳಗ್ಗೆ ನೋಡುತ್ತಿದ್ದ ತೂಕವನ್ನು ಈಗ ಹಿಂದಿನ ದಿನವೇ ನೋಡ್ತಾರೆ. ಒಣಗಿ ತೂಕ ತೋರಿಸಿ, ರಾತ್ರಿಯಿಡೀ ಉಂಡು ಕುಡಿದು, ಮರುದಿನ ಕೆಜಿಗಟ್ಟಲೆ ಹೆಚ್ಚಾಗಿ ರಿಂಗ್‌ಗೆ ಬರಬಹುದು. ಅಮೆಚೂರ್‌ನಲ್ಲಿ 1984ರಿಂದ ತಲೆಗಾಪು ಹಾಕಿಸಿದರು, 2016ರ ರಿಯೊ ಒಲಿಂಪಿಕ್ಸ್‌ಗೆ ಗಂಡಸರಿಗೆ ತೆಗೆಸಿದರು. 1988ರ ಸೋಲ್‌ನಲ್ಲಿ ರಾಯ್ ಜೋನ್ಸ್‌ಗೆ ಆದ ಅನ್ಯಾಯದ ತೀರ್ಪಿನ ನಂತರ ಬಟನ್ ಒತ್ತಿ ಹೊಡೆತ ಎಣಿಸುವ ಪದ್ಧತಿ ಬಂತು, ಎರಡು ದಶಕ ಇದ್ದು ಅದೂ ಹೋಯ್ತು. ಇಷ್ಟೆಲ್ಲ ಬದಲಾದ ಮೇಲೆ 1950ರ ಒಂದು ಗೆಲುವು, 2020ರ ಒಂದು ಗೆಲುವು ಎರಡನ್ನೂ ಒಂದೇ ಕಾಲಂನಲ್ಲಿ ಬರೆಯೋದು ಅಡಿಯನ್ನೂ ಮೀಟರನ್ನೂ ಕೂಡಿಸಿದ ಹಾಗೆ.

ನಮ್ಮ ಊರು ಕಲಿಸಿದ ಅಳತೆ

ಹಾಗಾದ್ರೆ ಅಳೆಯೋದು ಹೇಗೆ? ಇದಕ್ಕೆ ಉತ್ತರ ಹುಡುಕಲು ನಾವು ಅಮೆರಿಕಕ್ಕೆ ಹೋಗಬೇಕಿಲ್ಲ. ನಮ್ಮ ಕಾಲ ಕೆಳಗೇ ಇದೆ.

ಕೆಜಿಎಫ್‌ನಲ್ಲಿ ಜಾನ್ ಟೇಲರ್ ಕಂಪನಿ 1880ರ ಸುಮಾರಿಗೆ ಗಣಿ ಶುರು ಮಾಡಿತು. 1902ರಲ್ಲಿ ಶಿವನಸಮುದ್ರದಿಂದ ಕರೆಂಟ್ ಬಂತು. 2001ರ ಫೆಬ್ರವರಿ 28ಕ್ಕೆ ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿತು. 120 ವರ್ಷದಲ್ಲಿ ಸುಮಾರು 800 ಟನ್ ಚಿನ್ನ ಹೊರಗೆ ಬಂತು. ಆದರೆ ಎಲ್ಲ ವರ್ಷವೂ ಒಂದೇ ತರಹ ಬರಲಿಲ್ಲ. ಶುರುವಿನಲ್ಲಿ ಅದಿರು ಮೇಲ್ಮಟ್ಟಕ್ಕೆ ಹತ್ತಿರ, ಒಂದು ಟನ್ ಕಲ್ಲಿಗೆ ಹತ್ತಾರು ಗ್ರಾಂ ಚಿನ್ನ. ಕೊನೆಗೆ ಚಾಂಪಿಯನ್ ರೀಫ್‌ನಲ್ಲಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿಯಬೇಕು. ಅಲ್ಲಿ ಬಂಡೆಯೇ ಸುಡುತ್ತೆ, ಯಾವಾಗ ರಾಕ್ ಬರ್ಸ್ಟ್ ಆಗುತ್ತೋ ಗೊತ್ತಿಲ್ಲ, ಟನ್ನಿಗೆ ನಾಲ್ಕೈದು ಗ್ರಾಂ ಸಿಕ್ಕಿದರೂ ದೊಡ್ಡದು.

ಈಗ ಹೇಳಿ: 1900ರ ಕಾರ್ಮಿಕ ದೊಡ್ಡವನೋ, 1990ರವನೋ? ಬರೀ ಚಿನ್ನ ತೂಗಿದರೆ ಮೊದಲನೆಯವನು. ಬರೀ ಆಳ ನೋಡಿದರೆ ಎರಡನೆಯವನು. ಮೊದಲನೆಯವನಿಗೆ ಕರೆಂಟ್ ಇರಲಿಲ್ಲ. ಎರಡನೆಯವನಿಗೆ ಒಳ್ಳೆ ಅದಿರು ಉಳಿದಿರಲಿಲ್ಲ. ಒಬ್ಬೊಬ್ಬರ ಕಾಲವೂ ಒಂದು ಕೈಲಿ ಕೊಟ್ಟು ಇನ್ನೊಂದು ಕೈಲಿ ಕಿತ್ತುಕೊಂಡಿದೆ. ಗಣಿ ಗೊತ್ತಿದ್ದವರು ಯಾರೂ "ಎಷ್ಟು ಚಿನ್ನ ತೆಗೆದೆ" ಅಂತ ಮಾತ್ರ ಕೇಳಲ್ಲ. "ಯಾವ ಶಾಫ್ಟ್, ಎಷ್ಟು ಆಳ" ಅಂತಾನೂ ಕೇಳ್ತಾರೆ.

ಬಾಕ್ಸರ್‌ಗೂ ಇದೇ ಮೂರು ಪ್ರಶ್ನೆ ಹಾಕಿ ಅಂತ ನಮ್ಮ ವಾದ. ಒಂದು: ತನ್ನ ಕಾಲದ ಉಳಿದವರಿಗಿಂತ ಎಷ್ಟು ಮೇಲಿದ್ದ, ಎಷ್ಟು ವರ್ಷ ಇದ್ದ? ಎರಡು: ಆ ಕಾಲದ ಅತಿ ಒಳ್ಳೆಯವರ ಎದುರು ನಿಂತನಾ, ತಪ್ಪಿಸಿಕೊಂಡನಾ? ಮೂರು: ಕಾಲ ಅವನಿಂದ ಏನು ಕಿತ್ತುಕೊಂಡಿತು?

ಮೂರನೇ ಪ್ರಶ್ನೆಯನ್ನೇ ಜನ ಮರೆಯೋದು. ಸ್ಯಾಮ್ ಲ್ಯಾಂಗ್‌ಫರ್ಡ್ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಹಗುರ ತೂಕದಿಂದ ಹೆವಿವೇಟ್ ತನಕ ಎಲ್ಲರ ಜೊತೆ ಆಡಿದ ಈ ಕಪ್ಪು ಬಾಕ್ಸರ್‌ಗೆ ಹೆವಿವೇಟ್ ವಿಶ್ವ ಚಾಂಪಿಯನ್ ಪಟ್ಟಕ್ಕೆ ಆಡೋ ಅವಕಾಶವನ್ನೇ ಕೊಡಲಿಲ್ಲ. 1908ರಲ್ಲಿ ಮೊದಲ ಕಪ್ಪು ಹೆವಿವೇಟ್ ಚಾಂಪಿಯನ್ ಆದ ಜ್ಯಾಕ್ ಜಾನ್ಸನ್ ಕೂಡ ಪಟ್ಟ ಬಂದ ಮೇಲೆ ಅವನ ಜೊತೆ ಆಡಲಿಲ್ಲ. ಬೆಲ್ಟ್ ಎಣಿಸಿದರೆ ಲ್ಯಾಂಗ್‌ಫರ್ಡ್‌ಗೆ ಸೊನ್ನೆ. ಆ ಸೊನ್ನೆ ಅವನದಲ್ಲ, ಬಾಗಿಲು ಹಾಕಿದವರದು.

ಈ ಮೂರು ಪ್ರಶ್ನೆ ಹಾಕಿದರೆ ನಮ್ಮ ಪಟ್ಟಿಯಲ್ಲಿ ಮೊದಲ ಹೆಸರು ರಾಬಿನ್ಸನ್. ಎರಡನೆಯದು ಅಲಿ. ವಿಯೆಟ್ನಾಂ ಯುದ್ಧಕ್ಕೆ ಸೇನೆ ಸೇರಲ್ಲ ಅಂದಿದ್ದಕ್ಕೆ 1967ರಲ್ಲಿ ಪಟ್ಟ ಕಿತ್ತುಕೊಂಡರು. ಒಬ್ಬ ಬಾಕ್ಸರ್‌ಗೆ ಅತಿ ಬೆಲೆಬಾಳುವ ಮೂರೂವರೆ ವರ್ಷ, 25ರಿಂದ 28ರ ವಯಸ್ಸು, ರಿಂಗ್ ಹೊರಗೇ ಹೋಯ್ತು. ತಿರುಗಿ ಬಂದು ಫ್ರೇಜಿಯರ್, ನಾರ್ಟನ್, ಫೋರ್‌ಮನ್ ಎಲ್ಲರ ಎದುರೂ ನಿಂತ. ಒಬ್ಬರನ್ನೂ ತಪ್ಪಿಸಲಿಲ್ಲ. ಟೈಸನ್ 20ನೇ ವಯಸ್ಸಿಗೆ ಹೆವಿವೇಟ್ ಚಾಂಪಿಯನ್ ಆದ, ಆ ವೇಗ, ಆ ಭಯ ಬೇರೆ ಯಾರಿಗೂ ಇರಲಿಲ್ಲ, ಒಪ್ಪುತ್ತೀವಿ. ಆದರೆ ಹೋಲಿಫೀಲ್ಡ್, ಲೆನಾಕ್ಸ್ ಲೂಯಿಸ್ ಇಬ್ಬರಿಗೂ ಸೋತ. ಎರಡನೇ ಪ್ರಶ್ನೆಯಲ್ಲಿ ಅವನು ಅಲಿಗಿಂತ ಕೆಳಗೆ ನಿಲ್ತಾನೆ. ಹಾಸ್ಟೆಲ್ ಗೆಳೆಯರು ಕ್ಷಮಿಸಬೇಕು.

ಭಾರತದ ಪಟ್ಟಿಯಲ್ಲಿ ನಮ್ಮ ಓಟು ಮೇರಿ ಕೋಮ್‌ಗೆ, ಅದೂ ದೊಡ್ಡ ಅಂತರದಲ್ಲಿ. 2002ರಿಂದ 2018ರ ನಡುವೆ ಆರು ಸಲ ವಿಶ್ವ ಚಾಂಪಿಯನ್. ಅವರ ಒಳ್ಳೆಯ ವರ್ಷಗಳಲ್ಲಿ ಒಲಿಂಪಿಕ್ಸ್‌ನಲ್ಲಿ ಹೆಂಗಸರ ಬಾಕ್ಸಿಂಗೇ ಇರಲಿಲ್ಲ. 2012ರ ಲಂಡನ್‌ನಲ್ಲಿ ಸೇರಿಸಿದರು, ಅದೂ ಮೂರೇ ತೂಕ. ಗಂಡಸರಿಗೆ ಹತ್ತು. ಮೇರಿ ಅವರ ತೂಕ ಅದರಲ್ಲಿ ಇರಲಿಲ್ಲ. 51 ಕೆಜಿಗೆ ಹತ್ತಿ, ತಮಗಿಂತ ದೊಡ್ಡ ಮೈಕಟ್ಟಿನವರ ಜೊತೆ ಆಡಿ ಕಂಚು ತಂದರು, ಅವಳಿ ಮಕ್ಕಳ ತಾಯಿಯಾದ ಮೇಲೆ. "2002ರಲ್ಲಿ ಹೆಂಗಸರ ಬಾಕ್ಸಿಂಗ್‌ನಲ್ಲಿ ಸ್ಪರ್ಧೆ ಎಲ್ಲಿತ್ತು" ಅಂತ ಕೇಳೋರಿದ್ದಾರೆ. ನ್ಯಾಯವಾದ ಪ್ರಶ್ನೆ. ಉಳಿದವರಿಗಿಂತ ಎಷ್ಟು ಮೇಲೆ ಅಂತ ಅಳೆಯುವಾಗ ಉಳಿದವರು ಎಷ್ಟು ಗಟ್ಟಿ ಅಂತಾನೂ ನೋಡಬೇಕು. ಅದಕ್ಕೇ 2018ರ ಚಿನ್ನ ಮುಖ್ಯ. ಹದಿನಾರು ವರ್ಷದಲ್ಲಿ ಆ ಆಟ ಹರಡಿ, ಗಟ್ಟಿಯಾಗಿ, ಹೊಸ ತಲೆಮಾರು ಬಂದ ಮೇಲೂ 35 ದಾಟಿದ ಅವರು ಗೆದ್ದರು.

ಹವಾ ಸಿಂಗ್ ಮತ್ತು ವಿಜೇಂದರ್? 2008ರ ಬೀಜಿಂಗ್‌ನಲ್ಲಿ ವಿಜೇಂದರ್ ಒಲಿಂಪಿಕ್ ಬಾಕ್ಸಿಂಗ್ ಪದಕ ತಂದ ಮೊದಲ ಭಾರತೀಯ. ಹವಾ ಸಿಂಗ್ ಹತ್ತಿರ ಒಲಿಂಪಿಕ್ ಪದಕ ಇಲ್ಲ. ಆದರೆ ಸತತ 11 ಬಾರಿ ಹೆವಿವೇಟ್ ರಾಷ್ಟ್ರೀಯ ಚಾಂಪಿಯನ್, 1966 ಮತ್ತು 1970ರ ಬ್ಯಾಂಕಾಕ್ ಏಷ್ಯನ್ ಗೇಮ್ಸ್ ಎರಡರಲ್ಲೂ ಚಿನ್ನ. 1962ರ ಏಷ್ಯನ್ ಗೇಮ್ಸ್ ಚೀನಾ ಗಡಿಯ ಬಿಕ್ಕಟ್ಟಿನಿಂದ ಸೈನಿಕರಾಗಿದ್ದ ಅವರ ಕೈ ತಪ್ಪಿತು. ನಿವೃತ್ತಿಯ ನಂತರ ಭಿವಾನಿಯಲ್ಲಿ ಹುಡುಗರಿಗೆ ಹೇಳಿಕೊಟ್ಟು, ಆ ಊರನ್ನು ಬಾಕ್ಸಿಂಗ್ ಊರು ಮಾಡಿದರು. ವಿಜೇಂದರ್ ಬಂದಿದ್ದು ಅದೇ ಭಿವಾನಿಯಿಂದ. ಒಬ್ಬರು ಶಾಫ್ಟ್ ತೋಡಿದರು, ಇನ್ನೊಬ್ಬರು ಆ ಶಾಫ್ಟ್‌ನಲ್ಲಿ ಇಳಿದು ಚಿನ್ನದ ಎಳೆ ಹಿಡಿದರು. ಪದಕದ ಪಟ್ಟಿ ಎರಡನೆಯವರನ್ನು ಮಾತ್ರ ತೋರಿಸುತ್ತೆ. ನಾವು ಹವಾ ಸಿಂಗ್ ಅವರನ್ನು ಅರ್ಧ ಮೆಟ್ಟಿಲು ಮೇಲೆ ಇಡ್ತೀವಿ.

"ಏನೇ ಹೇಳಿ, ಈಗಿನವರ ಫಿಟ್‌ನೆಸ್, ಊಟ, ಟ್ರೈನಿಂಗ್ ಎಲ್ಲ ಮುಂದೆ ಇದೆ, ಈಗಿನವರೇ ಉತ್ತಮ" ಅನ್ನೋ ವಾದಕ್ಕೂ ಉತ್ತರ ಕೊಡಬೇಕು. ಉತ್ತಮ ಇರಬಹುದು. ನಮ್ಮ ಕೈಲಿರೋ ಮೊಬೈಲು ಆ ಎನ್‌ಸಿಆರ್ 315ಗಿಂತ ಎಷ್ಟೋ ಪಾಲು ಚುರುಕು. ಹಾಗಂತ ಅದನ್ನು ಕಟ್ಟಿದ ಎಂಜಿನಿಯರ್‌ಗಿಂತ ನಾವು ದೊಡ್ಡ ಎಂಜಿನಿಯರ್‌ಗಳಾ? ಹಿಂದಿನವರು ಕಂಡುಹಿಡಿದ ಮೇಲೆ ಅದು ನಮಗೆ ಸಿಲಬಸ್.

ಹಿತ್ತಲ ಗಿಡ

ಇಷ್ಟು ಹೇಳಿದ್ದು ನಮ್ಮ ತಾತಂದಿರ ವಿಷಯಕ್ಕೆ ಬರಲು. 1920ರ ದಶಕದ ಹ್ಯಾರಿ ಗ್ರೆಬ್ ಅನ್ನೋ ಬಾಕ್ಸರ್ ಇದ್ದಾನೆ. ಸುಮಾರು 300 ಪಂದ್ಯ ಆಡಿದ. ಮುಂದೆ ಹೆವಿವೇಟ್ ಚಾಂಪಿಯನ್ ಆದ ಜೀನ್ ಟನ್ನಿಯನ್ನು ಸೋಲಿಸಿದ ಒಬ್ಬನೇ ಮನುಷ್ಯ ಅವನು. ಅವನ ಒಂದೇ ಒಂದು ಪಂದ್ಯದ ಫಿಲ್ಮ್ ಉಳಿದಿಲ್ಲ, ಪ್ರಾಕ್ಟೀಸ್ ಮಾಡುವ ಸ್ವಲ್ಪ ದೃಶ್ಯ ಮಾತ್ರ ಇದೆ. ಆದರೂ ಬಾಕ್ಸಿಂಗ್ ತಿಳಿದವರು ಪಟ್ಟಿ ಮಾಡಿದರೆ ಅವನು ಮೊದಲ ಸಾಲಿನಲ್ಲೇ ಇರ್ತಾನೆ. ಯಾಕೆ? ಅವನ ಪಂದ್ಯಗಳನ್ನು ಪತ್ರಿಕೆಗಳು ಬರೆದಿಟ್ಟವು. ಯಾರ ಜೊತೆ, ಯಾವ ಊರಲ್ಲಿ, ಎಷ್ಟು ರೌಂಡ್, ಏನಾಯ್ತು ಅಂತ.

ನಮ್ಮ ಕಡೆ ಆ ಬರಹ ಕಡಿಮೆ. ಎರಡನೇ ಮಹಾಯುದ್ಧದ ಆಸುಪಾಸಿನಲ್ಲಿ ಬೆಂಗಳೂರು ದಂಡಿನಲ್ಲಿ ಮನೆಮಾತಾಗಿದ್ದ ಕಪ್ಪು ಅಮೆರಿಕನ್ ಬಾಕ್ಸರ್ ಗನ್‌ಬೋಟ್ ಜ್ಯಾಕ್ ಇವತ್ತು ಉಳಿದಿರೋದು ಹೆಚ್ಚಾಗಿ ಹಳಬರ ನೆನಪಿನಲ್ಲಿ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ಗೆ ಹೋದ, ಅರ್ಜುನ ಪ್ರಶಸ್ತಿ ಪಡೆದ ಕೊಡಗಿನ ಸಿ. ಸಿ. ಮಾಚಯ್ಯ ಅವರ ಹೆಸರು, ಅರ್ಜುನ ಪಡೆದ ಬೆಳಗಾವಿಯ ಮುಕುಂದ ಕಿಲ್ಲೇಕರ್ ಅವರ ಹೆಸರು ನಮ್ಮ ತರಗತಿಯಲ್ಲಿ ಕೇಳಿದಾಗ ಕೈ ಎತ್ತಿದವರು ಇಬ್ಬರೇ. ಮೇವೆದರ್‌ನ ಕಾರುಗಳ ಲೆಕ್ಕ ಮಾತ್ರ ಎಲ್ಲರಿಗೂ ಬಾಯಿಪಾಠ. ಹಿತ್ತಲ ಗಿಡ ಮದ್ದಲ್ಲ ಅನ್ನೋದು ಇದಕ್ಕೇ. ಪ್ರಶಸ್ತಿ ಬಂದವರದೇ ಈ ಕತೆ ಆದರೆ, ಶಿಫ್ಟ್ ಮುಗಿಸಿ ಕೇಜ್‌ನಲ್ಲಿ ಮೇಲೆ ಬಂದು, ಮೈ ತೊಳೆದುಕೊಂಡು ಗ್ಲೌಸ್ ಹಾಕಿದವರ ಕತೆ ಏನು? ಎಂಟು ಗಂಟೆ ಬಂಡೆ ಕೊರೆದ ಕೈಯಲ್ಲಿ ಸಂಜೆ ಪಂಚ್ ಹೊಡೆದವರನ್ನು, ದಿನವಿಡೀ ಟ್ರೈನಿಂಗ್ ಮಾಡೋಕೆ ಸಂಬಳ ಸಿಗುವವರ ಜೊತೆ ಯಾವ ತಕ್ಕಡಿಯಲ್ಲಿ ತೂಗ್ತೀವಿ? ಕಾಲ ಅವರಿಂದ ಕಿತ್ತುಕೊಂಡಿದ್ದನ್ನೂ ಲೆಕ್ಕಕ್ಕೆ ಹಿಡಿಯದೆ ಅವರನ್ನು ಸಣ್ಣವರು ಅನ್ನೋ ಹಕ್ಕು ನಮಗಿಲ್ಲ.

ಹಾಗಂತ ತಾತಂದಿರು ಹೇಳಿದ್ದೆಲ್ಲ ಸರಿ ಅಂತಲೂ ಅಲ್ಲ. "ನಮ್ಮ ಕಾಲವೇ ಕಾಲ" ಅನ್ನೋ ಮಾತನ್ನು ಈ ಊರಿನಲ್ಲಿ ಹುಟ್ಟಿದ ಪ್ರತಿಯೊಬ್ಬರೂ ಕೇಳಿ ಬೆಳೀತಾರೆ. ಒಂದು ಕಾಲಕ್ಕೆ ಲಿಟಲ್ ಇಂಗ್ಲೆಂಡ್ ಅಂತಿದ್ದರು, ಆಸ್ಪತ್ರೆ ಇತ್ತು, ಕ್ಲಬ್ ಇತ್ತು, ಸೈರನ್ ಕೂಗಿದರೆ ಊರೇ ಎದ್ದು ಕೂರ್ತಿತ್ತು. ಈಗ ಸೈನೈಡ್ ದಿಬ್ಬ ಇದೆ, ಬೆಳಗಿನ ರೈಲಿದೆ. ಅಂದ್ರೆ ಒಳ್ಳೇದೆಲ್ಲ ಆಗಿಹೋಯ್ತು, ನೀವು ಹುಟ್ಟಿದ್ದೇ ಲೇಟು ಅಂತ ಅರ್ಥ. ಈ ಮಾತನ್ನು ನಾವು ಒಪ್ಪಲ್ಲ. ನಮ್ಮ ಮೂರು ಪ್ರಶ್ನೆ ಎರಡೂ ಕಡೆಗೆ ಅನ್ವಯಿಸುತ್ತೆ. ಬೆಳಗ್ಗೆ ಕತ್ತಲಲ್ಲೇ ಹೊರಟು ಬಂಗಾರಪೇಟೆ ದಾಟಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿ, ರಾತ್ರಿ ನಿಂತುಕೊಂಡೇ ವಾಪಸ್ ಬಂದು, ಆಮೇಲೂ ಮುಕ್ಕಾಲು ಗಂಟೆ ಬ್ಯಾಗ್ ಹೊಡೆಯೋ ಹುಡುಗ ಹುಡುಗಿಯರು ಈ ಊರಿನಲ್ಲಿ ಇದ್ದಾರೆ. ಅವರ ಅಪ್ಪಂದಿರಿಗೆ ಕಂಪನಿ ಕೊಟ್ಟ ಮೈದಾನವೂ ಇತ್ತು, ನೋಡೋಕೆ ಜನವೂ ಇದ್ದರು. ಇವರಿಗೆ ಎರಡೂ ಇಲ್ಲ. ಜಿಲ್ಲಾ ಮಟ್ಟದಲ್ಲಿ ಒಂದು ಪದಕ ಬಂದರೆ ಅದನ್ನು ಹಳೇ ಕಾಲದ ಪದಕದ ಪಕ್ಕ ಇಟ್ಟು "ಇಷ್ಟೇನಾ" ಅನ್ನಬೇಡಿ. ಎಷ್ಟು ಆಳದಿಂದ ತಂದರು ಅಂತ ಕೇಳಿ.

ಹೋಲಿಕೆ ನ್ಯಾಯವಾಗಿರಬೇಕು ಅಂದ್ರೆ ಎರಡೂ ಕಡೆ ದಾಖಲೆ ಬೇಕು. ಅದು ನಾವು ಮಾಡಬಹುದಾದ ಕೆಲಸ, ದುಡ್ಡೂ ಬೇಕಿಲ್ಲ. ಗಣಿ ಮುಚ್ಚಿದಾಗ ಐವತ್ತು ವಯಸ್ಸಾಗಿದ್ದವರಿಗೆ ಈಗ ಎಪ್ಪತ್ತೈದರ ಹತ್ತಿರ. ಹೆಚ್ಚು ಸಮಯ ಇಲ್ಲ. ಆದ್ದರಿಂದ ಈ ಸೆಮಿಸ್ಟರ್ ರಜೆಗೆ ಊರಿಗೆ ಹೋಗುವ ಪ್ರತಿಯೊಬ್ಬರಲ್ಲೂ ನಮ್ಮ ಕೋರಿಕೆ ಇಷ್ಟು. ರಾಬರ್ಟ್‌ಸನ್‌ಪೇಟೆ ಇರಲಿ, ಆಂಡರ್‌ಸನ್‌ಪೇಟೆ ಇರಲಿ, ಊರ್ಗಾಂ, ಕೋರಮಂಡಲ್, ಬಂಗಾರಪೇಟೆ ಇರಲಿ, ನಿಮ್ಮ ಬೀದಿಯಲ್ಲಿ ಗ್ಲೌಸ್ ಹಾಕಿದವರು ಯಾರಾದರೂ ಇದ್ದರೆ ಹೋಗಿ ಕೂತು ಮಾತಾಡಿಸಿ. ಅವರ ಒಪ್ಪಿಗೆ ಕೇಳಿ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ. ತಮಿಳಿನಲ್ಲಿ ಹೇಳಿದರೆ ತಮಿಳು, ತೆಲುಗಿನಲ್ಲಿ ಹೇಳಿದರೆ ತೆಲುಗು, ಕನ್ನಡಕ್ಕೆ ಆಮೇಲೆ ತರೋಣ. ಐದು ವಿಷಯ ತಪ್ಪದೆ ಕೇಳಿ: ಯಾವ ವರ್ಷ, ಎಷ್ಟು ತೂಕ, ಯಾರ ಜೊತೆ, ಎಷ್ಟು ರೌಂಡ್, ಆಗ ಏನು ಕೆಲಸ ಮಾಡ್ತಿದ್ದರು. ಹಳೆ ಫೋಟೊ, ಸರ್ಟಿಫಿಕೇಟ್, ಪತ್ರಿಕೆ ತುಂಡು ಇದ್ದರೆ ಫೋಟೊ ತೆಗೆದುಕೊಳ್ಳಿ. ಕಣ್ಣಾರೆ ಕಂಡಿದ್ದು ಯಾವುದು, ಬೇರೆಯವರಿಂದ ಕೇಳಿದ್ದು ಯಾವುದು ಅಂತ ಬೇರೆ ಬೇರೆ ಬರೆದುಕೊಳ್ಳಿ. ಈಗ ಆಡುತ್ತಿರುವವರದ್ದೂ ಹೀಗೇ ಬರೆಯಿರಿ, ಐವತ್ತು ವರ್ಷದ ನಂತರ ಅವರನ್ನೂ ಯಾರೋ ಹುಡುಕ್ತಾರೆ.

ಬಂದದ್ದನ್ನೆಲ್ಲ ಮುಂದಿನ ಸಂಚಿಕೆಯಿಂದ ಹಂತ ಹಂತವಾಗಿ ಇಲ್ಲೇ ಹಾಕ್ತೀವಿ. ಆಮೇಲೆ ಅಲಿ ದೊಡ್ಡವನೋ, ನಮ್ಮ ಚಾಂಪಿಯನ್ ರೀಫ್ ತಾತ ದೊಡ್ಡವರೋ ಅಂತ ಜಗಳ ಆಡೋಣ. ತಾತ ಸೋತರೂ ಪರವಾಗಿಲ್ಲ, ಪಟ್ಟಿಯಲ್ಲಿ ಅವರ ಹೆಸರಾದರೂ ಇರುತ್ತೆ.